ಲೇಲಾನಿಯಂಥ ಹೆಸರು ಬೇಕೆ? ಹವಾಯಿಯನ್ ಹೆಸರುಗಳ ನಂಟು ಹುಡುಕುವ ಸಮಗ್ರ ಮಾರ್ಗದರ್ಶಿ

ಮಗಳಿಗೆ ‘ಲೇಲಾನಿ’ ಎಂದು ಹೆಸರಿಡಬೇಕೆಂದು ಮನಸ್ಸು ಮಾಡಿದ್ದೀರಿ. ಅಷ್ಟರಲ್ಲಿ ನಾದಿನಿಯ ಮಗುವಿಗೆ ಅದೇ ಹೆಸರು ಇಟ್ಟಾಗಿದೆ. ಅಥವಾ ನೀವು ಅಮೆರಿಕದಲ್ಲಿದ್ದೀರಿ, ಅಕ್ಕಪಕ್ಕದಲ್ಲೇ ಇಬ್ಬರು ಲೇಲಾನಿಯರಿದ್ದಾರೆ. ಹಾಗಾದರೆ ಅಚ್ಚರಿಯಿಲ್ಲ: ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ವಾರ್ಷಿಕ ಪಟ್ಟಿಯಲ್ಲಿ ಈ ಹೆಸರು ಇತ್ತೀಚಿನ ವರ್ಷಗಳಲ್ಲಿ ಮೊದಲ ನೂರರೊಳಗಿದೆ. 1937ರ ಹಾಲಿವುಡ್ ಚಿತ್ರವೊಂದರ ಹಾಡು ಈ ಹೆಸರನ್ನು ಹೊತ್ತು ಆಸ್ಕರ್ ಗೆದ್ದಾಗಲೇ ಇದು ದ್ವೀಪಗಳನ್ನು ದಾಟಿ ಹೊರಟಿತ್ತು.

ಈಗ ಇದಕ್ಕೆ ಹತ್ತಿರದ ಇನ್ನೊಂದು ಹೆಸರು ಬೇಕು. ಹೆಸರಿನ ಪಟ್ಟಿಗಳಲ್ಲಿ ‘ಇದರಂಥವು’ ಎಂದು ಹುಡುಕಿದರೆ ಲೈಲಾ, ಲಿಲಿಯನ್, ಎಲೇನಾ ಸಿಗುತ್ತವೆ. ಅಕ್ಷರಗಳು ಹೋಲುತ್ತವೆ, ಆದರೆ ಒಂದು ಅರಬ್ಬಿ, ಉಳಿದೆರಡು ಯುರೋಪಿನವು. ನಿಜವಾದ ನಂಟು ಹವಾಯಿಯನ್ ಭಾಷೆಯ ಒಳಗಿದೆ. ಹೆಸರನ್ನು ಬಿಡಿಸಿ ನೋಡಿದರೆ ಅದರ ಅಕ್ಕತಂಗಿಯರು ತಾವಾಗಿಯೇ ಎದುರಿಗೆ ಬರುತ್ತಾರೆ. ಕನ್ನಡ ಬಲ್ಲವರಿಗೆ ಈ ಕೆಲಸ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಸುಲಭ. ಏಕೆ ಎಂಬುದು ಮೊದಲ ಹೆಜ್ಜೆಯಲ್ಲೇ ತಿಳಿಯುತ್ತದೆ.

ಹೆಜ್ಜೆ 1: ಹೆಸರನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆದುಕೊಳ್ಳಿ

ಹವಾಯಿಯನ್ ವರ್ಣಮಾಲೆಯಲ್ಲಿ ಇರುವುದು 13 ಅಕ್ಷರ. ಸ್ವರಗಳು ಐದು: ಅ, ಎ, ಇ, ಒ, ಉ. ವ್ಯಂಜನಗಳು ಹ, ಕ, ಲ, ಮ, ನ, ಪ, ವ ಎಂಬ ಏಳು. ಹದಿಮೂರನೆಯದು ʻಒಕಿನ. ಹೊನೊಲುಲುವಿನಲ್ಲಿ ಮುದ್ರಣ ಆರಂಭವಾದದ್ದು 1822ರಲ್ಲಿ. 1826ರ ಹೊತ್ತಿಗೆ ಮಿಷನರಿಗಳು ಒಂದೇ ಧ್ವನಿಯ ಎರಡೆರಡು ರೂಪಗಳನ್ನು (ತ–ಕ, ರ–ಲ, ಬ–ಪ) ಒಂದಕ್ಕಿಳಿಸಿ ಲಿಪಿಯನ್ನು ಗಟ್ಟಿ ಮಾಡಿದರು.

ಐದೂ ಸ್ವರಗಳಿಗೆ ದೀರ್ಘ ರೂಪವುಂಟು. ರೋಮನ್ ಲಿಪಿಯಲ್ಲಿ ಅದನ್ನು ಅಕ್ಷರದ ತಲೆಯ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ಆ ಗೆರೆಗೆ ಕಹಕೋ ಎಂದು ಹೆಸರು. ಜನನ ಪ್ರಮಾಣಪತ್ರದಿಂದ ಹಿಡಿದು ಅಂಗಡಿಯ ಬೋರ್ಡಿನವರೆಗೆ ಈ ಗೆರೆ ಬಿದ್ದುಹೋಗುವುದೇ ಹೆಚ್ಚು. ಕನ್ನಡದಲ್ಲಿ ಅ–ಆ, ಇ–ಈ, ಉ–ಊ ಮಾತ್ರವಲ್ಲ, ಎ–ಏ ಮತ್ತು ಒ–ಓ ಕೂಡ ಬೇರೆ ಬೇರೆ ಅಕ್ಷರಗಳು. ಹಾಗಾಗಿ ಹವಾಯಿಯನ್ನಿನ ಹತ್ತೂ ಸ್ವರಗಳು ನಮ್ಮ ಲಿಪಿಯಲ್ಲಿ ಒಂದೂ ನಷ್ಟವಾಗದೆ ಕೂರುತ್ತವೆ. ಪಟ್ಟಿ ಮಾಡುವಾಗ ಪ್ರತಿ ಹೆಸರನ್ನೂ ಮೊದಲು ಕನ್ನಡದಲ್ಲಿ ಬರೆಯಿರಿ.

ನಮ್ಮಲ್ಲಿ ಇಲ್ಲದ್ದು ʻಒಕಿನ ಒಂದೇ. ಮಗು ಒಲೆಯ ಹತ್ತಿರ ಹೋದಾಗ ‘ಅ… ಅ… ಮುಟ್ಟಬೇಡ’ ಎನ್ನುತ್ತೇವಲ್ಲ, ಆ ಎರಡು ಅಕಾರಗಳ ನಡುವೆ ಗಂಟಲು ಒಮ್ಮೆ ಮುಚ್ಚಿ ತೆರೆಯುತ್ತದೆ. ಅದೇ ʻಒಕಿನ. ಹವಾಯಿಯನ್ನಿನಲ್ಲಿ ಅದು ಪೂರ್ಣ ವ್ಯಂಜನ. ಬಿಟ್ಟರೆ ಪದವೇ ಬದಲಾಗುತ್ತದೆ. ಇಲ್ಲಿ ಅದನ್ನು ʻ ಎಂಬ ಗುರುತಿನಿಂದ ತೋರಿಸಿದೆ.

ಲೇಲಾನಿಯನ್ನು ಮೂಲದಂತೆ ಬರೆದರೆ ‘ಲೆಯ್‌ಲನಿ’. ಲೆ ಎಂದು ಶುರು ಮಾಡಿ ಇ ಕಡೆಗೆ ಜಾರಬೇಕು, ‘ಲೈ’ ಅಲ್ಲ; ಇಲ್ಲಿನ ‘ಯ್’ ವ್ಯಂಜನವಲ್ಲ, ಇ ಸ್ವರವೇ. ಒತ್ತು ಬೀಳುವುದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಅಂದರೆ ‘ಲ’ದ ಮೇಲೆ. ಆ ಒತ್ತಿನಿಂದಾಗಿ ನಮ್ಮ ಕಿವಿಗೆ ಅದು ‘ಲಾ’ ಎಂದು ಕೇಳುತ್ತದೆ. ‘ಲೇಲಾನಿ’ ರೂಢಿಗೆ ಬಂದದ್ದು ಹೀಗೆ. ಇಲ್ಲಿ ಆ ಒಂದು ಹೆಸರನ್ನು ರೂಢಿಯಂತೆ ಬಿಟ್ಟು, ಉಳಿದವನ್ನು ಮೂಲದ ಹ್ರಸ್ವ–ದೀರ್ಘದಂತೆಯೇ ಬರೆದಿದೆ.

ಹೆಜ್ಜೆ 2: ಬಿಡಿಸಿ

ಹವಾಯಿಯನ್ ಹೆಸರು ಸಾಮಾನ್ಯವಾಗಿ ಸಮಾಸಪದ. ಲೇಲಾನಿಯಲ್ಲಿ ಎರಡು ತುಂಡು.

‘ಲೆಯ್’ ಎಂದರೆ ಹಾರ. ಹೂವು, ಎಲೆ, ಚಿಪ್ಪು, ಗರಿ, ಬೀಜ ಯಾವುದರದಾದರೂ ಸರಿ, ಕೊರಳಿಗೋ ತಲೆಗೋ ಧರಿಸುವ ಮಾಲೆ. ಇದರ ಬೆನ್ನಿಗೇ ಇನ್ನೊಂದು ಅರ್ಥವಿದೆ: ಮುದ್ದಿನ ಮಗು, ಪ್ರೀತಿಪಾತ್ರರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಾಗ ಅದರ ಎರಡೂ ಕಾಲು ಕೊರಳ ಅಕ್ಕಪಕ್ಕದಿಂದ ಎದೆಯ ಮೇಲೆ ಇಳಿಬೀಳುತ್ತವೆ; ಹೊತ್ತವರಿಗೆ ಅದೇ ಹಾರ. ಜಾತ್ರೆಯಲ್ಲಿ ಮಗುವನ್ನು ಹೆಗಲೇರಿಸಿ ತೇರು ತೋರಿಸಿದ ಯಾವ ಅಪ್ಪನಿಗೂ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಲನಿ’ ಎಂದರೆ ಆಕಾಶ, ಸ್ವರ್ಗ. ಜೊತೆಗೆ ಅತ್ಯುನ್ನತ ದರ್ಜೆಯ ಅರಸು, ಅರಸುಮನೆತನದ್ದು ಎಂಬ ಅರ್ಥವೂ ಇದೆ. ಹಾಗಾಗಿ ಲೇಲಾನಿಗೆ ‘ಸ್ವರ್ಗದ ಹಾರ’ ಎಂದು ಒಂದು ಕಡೆ, ‘ರಾಜವಂಶದ ಮಗು’ ಎಂದು ಇನ್ನೊಂದು ಕಡೆ ಅರ್ಥ ಕೊಟ್ಟಿದ್ದರೆ ಎರಡೂ ತಪ್ಪಲ್ಲ. ಒಂದೇ ಹೆಸರು ಎರಡು ಮಾತು ಆಡುತ್ತಿದೆ, ಅಷ್ಟೆ.

ಬಿಡಿಸುವಾಗ ಮೂರು ಸಂಗತಿ ನೆನಪಿರಲಿ.

ಪದಗಳ ಕ್ರಮ ಕನ್ನಡಕ್ಕೆ ತಿರುಗುಮುರುಗು. ನಾವು ‘ಸ್ವರ್ಗದ ಹಾರ’ ಎನ್ನುತ್ತೇವೆ, ಅವರು ‘ಹಾರ ಸ್ವರ್ಗ’ ಎನ್ನುತ್ತಾರೆ. ಮುಖ್ಯ ಪದ ಮೊದಲು, ಬಣ್ಣಿಸುವ ಪದ ಆಮೇಲೆ. ಇಷ್ಟಬಂದ ಎರಡು ಪದ ಜೋಡಿಸಿ ಹೆಸರು ಕಟ್ಟುವವರು ಎಡವುವುದು ಇಲ್ಲೇ. ‘ಲನಿಲೆಯ್’ ಎಂದರೆ ‘ಸ್ವರ್ಗದ ಹಾರ’ ಆಗುವುದಿಲ್ಲ.

ಹೆಸರಿನ ಮೊದಲಲ್ಲಿ ‘ಕ’ ಅಥವಾ ‘ಕೆ’ ಇದ್ದರೆ ಅದು ಅನೇಕ ಸಲ ಇಂಗ್ಲಿಷಿನ ‘ದಿ’ ಇದ್ದಂತೆ. ಮುಂದಿನ ಪದ ಕ, ಎ, ಅ, ಒ ಇವುಗಳಿಂದ ಶುರುವಾದರೆ ‘ಕೆ’, ಉಳಿದ ಕಡೆ ‘ಕ’, ಅಪವಾದಗಳು ಕೆಲವುಂಟು. ಬಹುವಚನಕ್ಕೆ ‘ನಾ’. ಹೀಗೆ ಲನಿಯಿಂದಲೇ ‘ಕಲನಿ’ (ಆ ಆಕಾಶ, ಆ ಅರಸು), ‘ನಾಲನಿ’ (ಆಕಾಶಗಳು, ಅರಸರು) ಹುಟ್ಟುತ್ತವೆ.

ನಡುವೆ ಬರುವ ‘ಒ’ ಎಂದರೆ ನಮ್ಮ ಷಷ್ಠಿ ವಿಭಕ್ತಿ. ‘ಒಕಲನಿ’ ಎಂದರೆ ಆಕಾಶದ, ಅರಸನ.

ಹೆಜ್ಜೆ 3: ನಿಮಗೆ ಹಿಡಿಸಿದ್ದು ಏನು?

ಇದನ್ನು ತೀರ್ಮಾನಿಸದೆ ಹುಡುಕಿದರೆ ಇನ್ನೂರು ಹೆಸರು ಸಿಕ್ಕಿ ಒಂದೂ ಹಿಡಿಸುವುದಿಲ್ಲ. ತಾಯಿ, ತಂದೆ ಇಬ್ಬರೂ ಬೇರೆ ಬೇರೆ ಕೂತು ಒಂದೊಂದು ಚೀಟಿಯಲ್ಲಿ ಉತ್ತರ ಬರೆಯಿರಿ. ಕೊನೆಯ ‘-ಲನಿ’ ಇಂಪಾಗಿದೆಯೇ? ‘ಹಾರ, ಮುದ್ದುಮಗು’ ಎಂಬ ಅರ್ಥವೇ? ಆಕಾಶದ ಅರ್ಥವೇ? ಲ, ನ ಎಂಬ ಮೆದು ವ್ಯಂಜನಗಳೇ? ಮೂರು ಅಕ್ಷರದ ಗತಿಯೇ? ಹವಾಯಿಯ ನೆನಪೇ?

ಚೀಟಿಗಳು ಹೊಂದದಿದ್ದರೆ ಮೊದಲು ಮಾತಾಡಿ ಮುಗಿಸಿ. ಒಬ್ಬರಿಗೆ ಅರ್ಥ ಬೇಕು, ಇನ್ನೊಬ್ಬರಿಗೆ ನಾದ ಬೇಕು ಎಂದಾಗ ಯಾವ ಪಟ್ಟಿಯೂ ಇಬ್ಬರನ್ನೂ ಒಪ್ಪಿಸದು. ನಾಮಕರಣದ ಹಿಂದಿನ ರಾತ್ರಿಯವರೆಗೂ ಎಳೆದಾಡುವ ಜಗಳಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ.

ಹೆಜ್ಜೆ 4: ತುಂಡು ಹಿಡಿದು ಮನೆತನ ಹುಡುಕಿ

‘ಲನಿ’ ಮನೆತನ ದೊಡ್ಡದು. ಮುಂದಿನ ತುಂಡನ್ನು ಬದಲಾಯಿಸುತ್ತ ಹೋಗಿ:

ನೊಎಲನಿ: ನೊಎ ಎಂದರೆ ಮಂಜು. ಸ್ವರ್ಗದ ಮಂಜು. ಲೇಲಾನಿಯ ನಾದ ಇಷ್ಟಪಟ್ಟವರಿಗೆ ಮೊದಲು ಸೂಚಿಸಬೇಕಾದ ಹೆಸರು ಇದೇ. ಅಷ್ಟೇ ಮೆದು, ಅಷ್ಟು ಸವೆದಿಲ್ಲ.

ಪುಅಲನಿ: ಪುಅ ಎಂದರೆ ಹೂವು, ಸಂತಾನ, ವಂಶದ ಕುಡಿ ಎಂದೂ ಹೌದು. ಅರ್ಥದಲ್ಲಿ ಲೇಲಾನಿಗೆ ಇದರಷ್ಟು ಹತ್ತಿರದ್ದು ಇನ್ನೊಂದಿಲ್ಲ. ಲೆಯ್ ಹಾರವೂ ಹೌದು ಮಗುವೂ ಹೌದು, ಪುಅ ಹೂವೂ ಹೌದು ಮಗುವೂ ಹೌದು.

ಕಯ್‌ಲನಿ: ಕಯ್ ಎಂದರೆ ಸಮುದ್ರ. ಅಮೆರಿಕದಲ್ಲಿ ಇದೂ ಬಳಕೆಗೆ ಬಂದಾಗಿದೆ. ಅಪರೂಪದ ಹೆಸರು ಬೇಕೆನ್ನುವವರಿಗೆ ಇದು ಪರಿಹಾರವಲ್ಲ.

ಕವಯ್‌ಲನಿ: ವಯ್ ಸಿಹಿನೀರು. ಸ್ವರ್ಗದ ನೀರು. ಮಳೆಗಾಲದ ಮಗುವಿಗೆ ಚೆನ್ನ.

ಹೋಕೂಲನಿ: ಹೋಕೂ ಎಂದರೆ ನಕ್ಷತ್ರ.

ಉಲುಲನಿ: ಉಲು ಎಂದರೆ ಬೆಳೆ, ಸ್ಫೂರ್ತಿಗೊಳ್ಳು.

ಲೊಕೆಲನಿ: ಲೊಕೆ ಎಂದರೆ ಗುಲಾಬಿ. ಇಂಗ್ಲಿಷಿನ ‘ರೋಸ್’ ಹವಾಯಿಯನ್ ಬಾಯಿಗೆ ಸಿಕ್ಕಿ ರ ಹೋಗಿ ಲ, ಸ ಹೋಗಿ ಕ ಆಗಿದೆ. ಲೊಕೆಲನಿ ಮಾವಿ ದ್ವೀಪದ ಅಧಿಕೃತ ಹೂವು.

ಮಾಹೆಅಲನಿ: ಹವಾಯಿಯನ್ ತಿಂಗಳಲ್ಲಿ ಪ್ರತಿ ರಾತ್ರಿಗೂ ಚಂದ್ರನ ಲೆಕ್ಕದ ಹೆಸರುಂಟು, ನಮ್ಮ ತಿಥಿಗಳ ಹಾಗೆ. 16ನೆಯ ರಾತ್ರಿ, ತುಂಬು ಚಂದ್ರನದು, ಮಾಹೆಅಲನಿ. ಹುಣ್ಣಿಮೆಯ ಆಸುಪಾಸಿನಲ್ಲಿ ಹುಟ್ಟಿದ ಹುಡುಗಿಗೆ ಇದಕ್ಕಿಂತ ಒಪ್ಪುವ ಹೆಸರು ಇಡೀ ಭಾಷೆಯಲ್ಲೇ ಸಿಗುವುದು ಕಷ್ಟ.

‘ಲೆಯ್’ ಮನೆತನದಲ್ಲಿ ಲೆಯ್‌ಮೊಮಿ (ಮುತ್ತಿನ ಹಾರ), ಲೆಯ್‌ಲೆಹುಅ (ಲೆಹುಅ ಹೂವಿನ ಹಾರ, ಲಾವಾ ನೆಲದಲ್ಲೂ ಬೇರು ಬಿಡುವ ʻಓಹಿʻಅ ಮರದ ಹೂವು ಅದು), ಲೆಯ್‌ಅಲೊಹ (ಪ್ರೀತಿಯ ಹಾರ), ಲೆಯ್‌ನನಿ (ಚೆಲುವಿನ ಹಾರ) ಇವೆ. ಚಿಕ್ಕದು ಬೇಕಾದರೆ ಕಲೆಯ್ (ಆ ಹಾರ) ಅಥವಾ ಕುʻಉಲೆಯ್. ಕುʻಉ ಎಂದರೆ ‘ನನ್ನ’, ಅದೂ ಅಕ್ಕರೆಯ ‘ನನ್ನ’. ಕುʻಉಲೆಯ್ ಎಂದರೆ ನನ್ನ ಹಾರ, ಅಂದರೆ ನನ್ನ ಕಂದ. ಮೇ 1 ಹವಾಯಿಯಲ್ಲಿ ಲೆಯ್ ದಿನ. 1928ರಿಂದ ಆಚರಿಸುತ್ತ ಬಂದಿದ್ದಾರೆ. ಆ ದಿನ ಹುಟ್ಟಿದ ಮಗುವಿದ್ದರೆ ಈ ಗುಂಪಿನಿಂದಲೇ ಆರಿಸಿ.

ನಾದ ಮಾತ್ರ ಸಾಕು, ತುಂಡು ಬೇರೆಯಾದರೂ ಸರಿ ಎನ್ನುವವರಿಗೆ ಮಹಿನ (ಚಂದ್ರ), ಮಲಿಅ (ಮೇರಿಯ ಹವಾಯಿಯನ್ ರೂಪ), ನೊಹೆಅ (ಚೆಲುವು), ಅನುಹೆಅ ಇವೆ. ಕೊನೆಯದು ಕನ್ನಡ ಮನೆಗಳಿಗೆ ವಿಶೇಷವಾಗಿ ಒಗ್ಗುತ್ತದೆ. ಅನುಹೆಅ ಎಂದರೆ ತಂಪಾದ, ನವಿರಾದ ಪರಿಮಳ, ಮಲೆಯ ಕಾಡಿನಿಂದ ಬೀಸುವ ಬಗೆಯದು. ಮುದ್ದಿಗೆ ‘ಅನು’ ಎಂದರೆ ಅಜ್ಜಿಗೂ ಕಷ್ಟವಿಲ್ಲ.

ಇನ್ನೂ ಒಂದು ದಾರಿಯುಂಟು. ಹವಾಯಿಯನ್ ಪಾಲಿನೇಷ್ಯನ್ ಭಾಷಾಕುಟುಂಬದ್ದು; ಕನ್ನಡ–ತಮಿಳು–ತೆಲುಗಿನಂತೆ ಅದರ ಸೋದರ ಭಾಷೆಗಳಲ್ಲೂ ಒಂದೇ ಪದ ಬೇರೆ ವೇಷದಲ್ಲಿ ಇರುತ್ತದೆ. ಹವಾಯಿಯನ್ನಿನ ‘ಲನಿ’ ಮಾವೊರಿಯಲ್ಲಿ ‘ರಂಗಿ’, ಸಮೋವಾದಲ್ಲಿ ‘ಲಂಗಿ’. ‘ಅಲೊಹ’ ಮಾವೊರಿಯಲ್ಲಿ ‘ಅರೊಹ’, ನ್ಯೂಜಿಲೆಂಡಿನಲ್ಲಿ ಹೆಣ್ಣುಮಕ್ಕಳ ಹೆಸರು. ಈ ದಾರಿ ಹಿಡಿದರೆ ಹೆಸರು ಯಾವ ಭಾಷೆಯದೆಂದು ಸರಿಯಾಗಿ ಗುರುತಿಸಿ ಇಟ್ಟುಕೊಳ್ಳಿ. ‘ತಿಅರೆ’ ತಾಹಿತಿಯದು, ಹವಾಯಿಯನ್ ಅಲ್ಲ.

ಹೆಜ್ಜೆ 5: ಜರಡಿ ಹಿಡಿಯಿರಿ

ಹತ್ತು–ಹನ್ನೆರಡು ಹೆಸರು ಕೈಗೆ ಬಂದ ಮೇಲೆ ಒಂದೊಂದನ್ನೂ ಮೂರು ಜರಡಿಯಲ್ಲಿ ಸೋಸಬೇಕು.

ಮೊದಲನೆಯದು ಕಣ್ಣಳತೆಯ ಜರಡಿ. ಹವಾಯಿಯನ್ ಪದದ ಪ್ರತಿ ಅಕ್ಷರವೂ ಸ್ವರದಲ್ಲೇ ಮುಗಿಯುತ್ತದೆ, ಒತ್ತಕ್ಷರವೇ ಇಲ್ಲ. ಹೆಸರಿನಲ್ಲಿ ಎರಡು ವ್ಯಂಜನ ಒತ್ತಿಕೊಂಡು ಬಂದಿದ್ದರೆ, ಕೊನೆ ವ್ಯಂಜನದಲ್ಲಿದ್ದರೆ, ಅಥವಾ ರೋಮನ್ ಸ್ಪೆಲಿಂಗಿನಲ್ಲಿ ವೈ, ಆರ್, ಎಸ್, ಡಿ, ಜಿ ಕಂಡರೆ ಅದು ಅಚ್ಚ ಹವಾಯಿಯನ್ ಅಲ್ಲ. ಈ ಲೆಕ್ಕದಲ್ಲಿ ‘ಕೆಹ್ಲಾನಿ’ ಬಿದ್ದುಹೋಗುತ್ತದೆ. ಹ್ ಮತ್ತು ಲ ಸೇರಿವೆ. ಅದು ಅಮೆರಿಕದಲ್ಲಿ ಹುಟ್ಟಿದ ಸ್ಪೆಲಿಂಗ್. ಇಡಬಾರದೆಂದಲ್ಲ, ಹವಾಯಿಯನ್ ಪದವೆಂದು ತಿಳಿದು ಇಡಬಾರದು. ಲೇಲಾನಿಯ ‘ಐ’ ಅಕ್ಷರದ ಜಾಗದಲ್ಲಿ ‘ವೈ’ ಹಾಕುವುದಕ್ಕೂ ಇದೇ ಮಾತು: ಅಲ್ಲಿಗೆ ಹೆಸರು ನಿಘಂಟಿನ ನೆರಳಿನಿಂದ ಹೊರಬೀಳುತ್ತದೆ.

ಎರಡನೆಯದು ನಿಘಂಟಿನ ಜರಡಿ. ಮೇರಿ ಕವೆನ ಪುಕುಯಿ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಸೇರಿ ಮಾಡಿದ ಹವಾಯಿಯನ್ ನಿಘಂಟು ಮೊದಲು ಬಂದದ್ದು 1957ರಲ್ಲಿ, ಹಿಗ್ಗಿಸಿದ ಆವೃತ್ತಿ 1986ರಲ್ಲಿ. ‘ಉಲುಕವು’ ಎಂಬ ಹವಾಯಿಯನ್ ಡಿಜಿಟಲ್ ಗ್ರಂಥಾಲಯದಲ್ಲಿ, ‘ವೆಹೆವೆಹೆ’ ಎಂಬ ಹುಡುಕು ಪುಟದಲ್ಲಿ ಅದನ್ನು ಉಚಿತವಾಗಿ ನೋಡಬಹುದು. ಪೂರ್ತಿ ಹೆಸರು ಸಿಗದಿದ್ದರೆ ತುಂಡುಗಳನ್ನು ಹುಡುಕಿ. ಮೊದಲ ಅರ್ಥ ಓದಿ ನಿಲ್ಲಬೇಡಿ; ಐದನೆಯ ಅರ್ಥದಲ್ಲಿ ಮುಳ್ಳು ಅಡಗಿರಬಹುದು. ಹ್ರಸ್ವ–ದೀರ್ಘ ಮತ್ತು ʻಒಕಿನ ಬದಲಾದಾಗ ಏನೇನಾಗುತ್ತದೆಂದು ನೋಡಿ:

ಹೋಕೂ ನಕ್ಷತ್ರ, ಹೊಕು ಹುಣ್ಣಿಮೆಯ ರಾತ್ರಿಯ ಹೆಸರು. ಎರಡೂ ಚೆನ್ನ, ಆದರೆ ಒಂದೇ ಅಲ್ಲ.

ಕೆಅಲ ಎಂದರೆ ದಾರಿ. ಕೆʻಅಲ ಎಂದರೆ ಪರಿಮಳ. ರೋಮನ್ನಿನಲ್ಲಿ ಗುರುತು ಬಿಟ್ಟರೆ ಎರಡಕ್ಕೂ ಸ್ಪೆಲಿಂಗ್ ಒಂದೇ.

ಕಲ ಎಂದರೆ ಬಿಡಿಸು, ಕ್ಷಮಿಸು. ಕಾಲಾ ಎಂದರೆ ದುಡ್ಡು, ಡಾಲರ್. ಕ ಲಾ ಎಂದರೆ ಸೂರ್ಯ. ‘ಸಾರಾ’ ಎಂಬ ಹೆಸರಿನ ಹವಾಯಿಯನ್ ರೂಪವೂ ಕಲ. ಇಂಗ್ಲಿಷ್ ಹೆಸರನ್ನು ಹವಾಯಿಯನ್ನಿಗೆ ‘ತಿರುಗಿಸಿದ’ ಪಟ್ಟಿಗಳಲ್ಲಿ ಸಿಗುವುದು ಇಂಥ ಧ್ವನಿರೂಪಗಳೇ. ಅವುಗಳಲ್ಲಿ ಅರ್ಥ ಹುಡುಕಲು ಹೋಗಬೇಡಿ.

ಲೀಲಿಅ ಎಂದರೆ ಲಿಲಿ ಹೂವು. ಲಿಲಿ ಎಂದರೆ ಹೊಟ್ಟೆಕಿಚ್ಚು. ಚಿಕ್ಕದಾಗಿ, ಮುದ್ದಾಗಿದೆ ಎಂದು ಎರಡನೆಯದನ್ನು ಇಟ್ಟುಬಿಡಬಹುದಿತ್ತು.

ಹಲ ಎಂದರೆ ಕೇದಗೆಯ ಜಾತಿಯ ಗಿಡ. ತಪ್ಪು, ಕಳೆದುಹೋಗು ಎಂಬ ಅರ್ಥಗಳೂ ಅದಕ್ಕಿವೆ. ಅದರ ಹಾರವನ್ನು ಯಾವ ಸಂದರ್ಭದಲ್ಲಿ ಕೊಡಬೇಕೆಂದು ಅಲ್ಲಿನವರು ಯೋಚಿಸುವುದು ಇದಕ್ಕೇ.

ಕಲೆʻಅ ಬಹಳ ಜನಪ್ರಿಯ. ‘ಸಂತೋಷ’ ಎಂದೇ ಎಲ್ಲ ಕಡೆ ಅರ್ಥ ಕೊಟ್ಟಿರುತ್ತಾರೆ. ಲೆʻಅ ಎಂದರೆ ಸಂತೋಷ ನಿಜ, ದಾಂಪತ್ಯದ ಏಕಾಂತದ ಸುಖ ಎಂಬ ಅರ್ಥವೂ ನಿಘಂಟಿನಲ್ಲೇ ಇದೆ. ತಿಳಿದ ಮೇಲೂ ಇಡುವವರು ಇಡಲಿ, ಆದರೆ ತಿಳಿದಿರಲಿ.

ಮೂರನೆಯದು ಮರ್ಯಾದೆಯ ಜರಡಿ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ.

ಹವಾಯಿಯರಿಗೆ ‘ಇನೊಅ’, ಅಂದರೆ ಹೆಸರು, ಬರಿಯ ಗುರುತಲ್ಲ. ಕನಸಿನಲ್ಲಿ ಬರುವ ಹೆಸರಿಗೆ ‘ಇನೊಅ ಪೋ’ ಎನ್ನುತ್ತಾರೆ. ಕಣ್ಣಿಗೆ ಕಂಡ ಶಕುನದಿಂದ ಬಂದದ್ದು ‘ಇನೊಅ ಹೋʻಅಯ್‌ಲೊನ’. ಅಂಥ ಹೆಸರು ಬಂದರೆ ಇಡಲೇಬೇಕು, ಬಿಟ್ಟರೆ ಮಗುವಿಗೆ ಒಳಿತಲ್ಲ ಎಂಬ ನಂಬಿಕೆ. ಘಟನೆಯೊಂದನ್ನು ನೆನಪಿಡಲು ಇಟ್ಟ ಹೆಸರುಗಳೂ ಇವೆ. 1838ರಲ್ಲಿ ಹುಟ್ಟಿ, 1891ರಿಂದ 1893ರವರೆಗೆ ಆಳಿದ ಹವಾಯಿಯ ಕೊನೆಯ ರಾಣಿ ಲಿಲಿʻಉಒಕಲನಿ. ಆಕೆ ಹುಟ್ಟಿದಾಗ ರಾಜಮನೆತನದ ಹಿರಿಯಳಾದ ಕೀನʻಉಗೆ ಕಣ್ಣುನೋವು; ಅದಕ್ಕೇ ಮಗುವಿಗೆ ‘ಉರಿ’, ‘ಕಣ್ಣೀರು’, ‘ಕಣ್ಣುನೋವು’ ಎಂಬ ಅರ್ಥದ ಹೆಸರುಗಳು ಬಂದವು. ಲಿಲಿʻಉ ಎಂದರೆ ಉರಿಯುವ ನೋವು. ‘ಲನಿ’ಯಲ್ಲಿ ಮುಗಿಯಿತೆಂದು ಎಲ್ಲ ಹೆಸರೂ ಹೂವು–ಮೋಡದ್ದಲ್ಲ.

ಆಮೇಲೆ 1860ರಲ್ಲಿ ಹೆಸರಿನ ಮೇಲೆ ಒಂದು ಕಾನೂನು ಬಂತು: ಮಕ್ಕಳಿಗೆ ಕ್ರೈಸ್ತ ಮೊದಲ ಹೆಸರು, ತಂದೆಯ ಕಡೆಯ ಅಡ್ಡಹೆಸರು ಕಡ್ಡಾಯ. ಅದು ರದ್ದಾದದ್ದು 1967ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ಹವಾಯಿಯನ್ ಹೆಸರುಗಳು ಎರಡನೆಯ ಜಾಗದಲ್ಲಿ, ನಡುಹೆಸರಾಗಿ ಉಳಿದು ಬದುಕಿದವು. 1896ರಲ್ಲಿ ಶಾಲೆಗಳಿಂದ ಹೊರಬಿದ್ದ ಭಾಷೆ 1978ರಲ್ಲಿ ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯಿತು. ಭಾಷೆಯನ್ನು ಕಳೆದುಕೊಳ್ಳುತ್ತಲೇ ಹೆಸರನ್ನು ಕಾಪಾಡಿಕೊಂಡ ಜನ ಅವರು. ಹೊರಗಿನ ನಾವು ಒಂದು ಹೆಸರನ್ನು ಎತ್ತಿಕೊಳ್ಳುವಾಗ ಇದು ಮನಸ್ಸಿನಲ್ಲಿರಬೇಕು.

ಹಾಗಾದರೆ ಯಾವುದನ್ನು ಮುಟ್ಟಬಹುದು? ಹೂವು, ಮಂಜು, ಮುತ್ತು, ಚಂದ್ರ, ನೀರು ಮುಂತಾದ ದಿನಬಳಕೆಯ ಪದಗಳಿಂದ ಕಟ್ಟಿದ, ಈಗಾಗಲೇ ಅನೇಕರಿಗೆ ಇರುವ ಚಿಕ್ಕ ಹೆಸರುಗಳು ಸರಿ. ಒಂದು ಮನೆತನ ತನಗಾಗಿ ಕಟ್ಟಿಕೊಂಡ ಉದ್ದನೆಯ ಹೆಸರುಗಳನ್ನು ಬಿಡಿ. ಅವು ವಂಶದ ಆಸ್ತಿ. ಪೆಲೆ, ಹಿʻಇಅಕ ಮುಂತಾದ ದೇವತೆಗಳ ಹೆಸರನ್ನೂ ಬಿಡಿ. ನಮಗಿಲ್ಲಿ ಮಗಳಿಗೆ ಲಕ್ಷ್ಮಿ, ಸರಸ್ವತಿ ಎಂದಿಡುವುದು ಸಹಜ. ಅಲ್ಲಿ ಆ ರೂಢಿಯನ್ನು ಹೊತ್ತೊಯ್ಯುವಂತಿಲ್ಲ. ರಾಣಿ ಲಿಲಿʻಉಒಕಲನಿ, ರಾಣಿ ಕಪಿʻಒಲನಿ, 1899ರಲ್ಲಿ ಇಪ್ಪತ್ಮೂರನೆಯ ವಯಸ್ಸಿಗೇ ತೀರಿಕೊಂಡ ರಾಜಕುಮಾರಿ ಕʻಇಉಲನಿ ಇವರ ಹೆಸರುಗಳನ್ನೂ ಹೊರಗಿನವರು ಬಿಡುವುದೇ ಮೇಲು. ಕʻಇಉಲನಿಯ ನೆನಪೇ ಬೇಕಿದ್ದರೆ ಬಳಸುದಾರಿ ಉಂಟು: ಆಕೆಗೆ ನವಿಲೂ ಇಷ್ಟ, ಮಲ್ಲಿಗೆಯೂ ಇಷ್ಟ. ಅದರಿಂದಲೇ ಇಂಗ್ಲಿಷಿನ ‘ಪೀಕಾಕ್’ ಹವಾಯಿಯಲ್ಲಿ ‘ಪೀಕಕೆ’ ಆಗಿ ಮಲ್ಲಿಗೆಯ ಹೆಸರಾಯಿತು. ಮನೆಯಲ್ಲಿ ಮಗಳನ್ನು ಮಲ್ಲಿಗೆ ಎಂದು ಕರೆಯಿರಿ. ಆ ಕತೆಯನ್ನು ಅವಳಿಗೆ ಹೇಳಿ.

ಹವಾಯಿಯಲ್ಲೇ ಇರುವವರು, ಅಲ್ಲಿಯವರನ್ನು ಬಲ್ಲವರು, ಕೊನೆಯ ಎರಡು–ಮೂರು ಹೆಸರನ್ನು ಭಾಷೆ ಚೆನ್ನಾಗಿ ತಿಳಿದ ಒಬ್ಬ ‘ಕುಮು’ವಿಗೆ, ಅಂದರೆ ಗುರುವಿಗೆ, ತೋರಿಸಿ. ‘ಇದು ಚೆನ್ನಾಗಿದೆಯೇ’ ಎಂದು ಕೇಳಬೇಡಿ, ಸೌಜನ್ಯಕ್ಕೆ ಹೌದೆನ್ನುತ್ತಾರೆ. ‘ಇದನ್ನು ಕೇಳಿದರೆ ನಿಮ್ಮ ಮನಸ್ಸಿಗೆ ಮೊದಲು ಏನು ಬರುತ್ತದೆ’ ಎಂದು ಕೇಳಿ.

ಹೆಜ್ಜೆ 6: ಕನ್ನಡದ ಕಿವಿಯಲ್ಲಿ ಪರೀಕ್ಷೆ

ಹವಾಯಿಯಲ್ಲಿ ಮುದ್ದಾಗಿರುವ ಹೆಸರು ಹಾಸನದ ಅಜ್ಜಿಯ ಬಾಯಲ್ಲಿ ಏನಾಗುತ್ತದೆ? ಮಗು ಎರಡೂ ಕಡೆ ಬದುಕಬೇಕು.

ಲೇಲಾನಿಯನ್ನೇ ತೆಗೆದುಕೊಳ್ಳಿ. ನಾವು ಹೆಸರಿನ ಮೊದಲಕ್ಷರ ಹಿಡಿದು ಕರೆಯುವವರು. ಲೇಲಾನಿ ಎರಡೇ ದಿನದಲ್ಲಿ ‘ಲೇ’ ಆದರೆ, ‘ಲೇ, ಬಾ ಇಲ್ಲಿ’ ಎಂದು ಗದರಿದಂತೆ ಕೇಳುತ್ತದೆ. ಅದಕ್ಕೇ ಮೊದಲ ದಿನದಿಂದಲೇ ‘ಲನಿ’ ಎಂಬ ಬಾಲವನ್ನು ಮುದ್ದಿನ ಹೆಸರಾಗಿ ರೂಢಿ ಮಾಡಿ.

ನಯ್‌ʻಅ ಎಂದರೆ ಡಾಲ್ಫಿನ್, ಹೆಸರಾಗಿಯೂ ಬಳಸುತ್ತಾರೆ. ಕನ್ನಡದಲ್ಲಿ ಅದು ‘ನಾಯಿ’ಗೆ ಅಂಟಿಕೊಳ್ಳದೆ ಬಿಡದು. ಹವುನನಿ (ಹವು ಮರದ ಚೆಲುವು) ಮತ್ತು ಹವುʻಒಲಿ (ಸಂತೋಷ) ಎರಡರಲ್ಲೂ ‘ಹಾವು’ ಇಣುಕುತ್ತದೆ. ಮಕನ (ಕಾಣಿಕೆ) ಅರ್ಥದಲ್ಲಿ ಎಷ್ಟು ಒಳ್ಳೆಯದೋ, ಜೋರಾಗಿ ಕೂಗಿದಾಗ ‘ಮಗನೇ’ ಎಂಬ ಬೈಗುಳಕ್ಕೆ ಅಷ್ಟೇ ಹತ್ತಿರ. ನನಿ ಎಂದರೆ ಚೆಲುವು, ಆದರೆ ಹಿಂದಿ ಬಲ್ಲವರಿಗೆ ಅಮ್ಮನ ಅಮ್ಮ.

ಪರೀಕ್ಷೆ ಹೀಗೆ ಮಾಡಿ. ಹೆಸರನ್ನು ಅಡುಗೆಮನೆಯಿಂದ ಅಂಗಳಕ್ಕೆ ಹತ್ತು ಸಲ ಕೂಗಿ. ವಿಭಕ್ತಿ ಹಚ್ಚಿ: ನೊಎಲನಿಗೆ ಊಟ, ನೊಎಲನಿಯ ಚಪ್ಪಲಿ, ನೊಎಲನಿಯನ್ನು ಎಬ್ಬಿಸು. ಹವಾಯಿಯನ್ ಹೆಸರೆಲ್ಲ ಸ್ವರಾಂತ, ಆದ್ದರಿಂದ ಪ್ರತ್ಯಯಗಳು ಸಲೀಸಾಗಿ ಅಂಟುತ್ತವೆ. ತೊಡಕು ಬರುವುದು ಸ್ವರದ ಮೇಲೆ ಸ್ವರ ಬಂದಲ್ಲಿ. ನಮ್ಮ ಬಾಯಿ ನಡುವೆ ಯ, ವ ಸೇರಿಸುತ್ತದೆ. ನೊಎಲನಿ ‘ನೊಯೆಲಾನಿ’, ಪುಅಲನಿ ‘ಪುವಲಾನಿ’ ಆಗುತ್ತದೆ. ಇದಕ್ಕೆ ಬೇಸರ ಬೇಡ, ಅರ್ಥ ಕೆಡುವುದಿಲ್ಲ. ಆದರೆ ʻಒಕಿನ ಇರುವ ಹೆಸರು ಹಾಗಲ್ಲ. ಅಲ್ಲಿ ನಮ್ಮ ಯ–ವಗಳು ಒಂದು ವ್ಯಂಜನವನ್ನೇ ನುಂಗುತ್ತವೆ. ಮನೆಮಂದಿಗೆ ಕಲಿಸುವ ತಾಳ್ಮೆಯಿಲ್ಲದಿದ್ದರೆ ʻಒಕಿನ ಇಲ್ಲದ ಹೆಸರನ್ನೇ ಆರಿಸಿ. ಕೊನೆಗೆ ಅಡ್ಡಹೆಸರಿನ ಜೊತೆ ಹೇಳಿನೋಡಿ. ‘ಲೇಲಾನಿ ಕುಲಕರ್ಣಿ’ಯಲ್ಲಿ ನಿ–ಣಿ ಪ್ರಾಸ ಹೆಚ್ಚಾಯಿತು, ‘ಲೆಯ್‌ಮೊಮಿ ಕುಲಕರ್ಣಿ’ ಹಗುರ. ‘ನೊಎಲನಿ ಹೆಗಡೆ’ ಚೆನ್ನಾಗಿ ಕೂರುತ್ತದೆ.

ಇಲ್ಲಿಗೆ ಬಂದಾಗ ಕೆಲವರಿಗೆ ಅನ್ನಿಸುತ್ತದೆ: ಇಷ್ಟೆಲ್ಲ ಮಾಡುವ ಬದಲು ನಮ್ಮಲ್ಲೇ ಇದರ ಜೋಡಿ ಇದೆಯೇ? ಇದೆ. ಮಾಲಿನಿ. ಮೂರೇ ಅಕ್ಷರ, ಅದೇ ಲ, ಅದೇ ನಿ. ಅರ್ಥ ಹಾರ ಧರಿಸಿದವಳು. ಅಕ್ಷರಕ್ಕೊಂದರಂತೆ ಲೇಲಾನಿಗೆ ಇಷ್ಟು ಹೊಂದುವ ಹೆಸರು ಹವಾಯಿಯಲ್ಲೂ ಕಡಿಮೆ. ‘ಸ್ವರ್ಗದ ಹಾರ’ ಎಂಬ ಪೂರ್ತಿ ಅರ್ಥವೇ ಬೇಕೆಂದರೆ ವೈಜಯಂತಿ: ವಿಷ್ಣುವಿನ ಕೊರಳ ಮಾಲೆ. ಸ್ರಗ್ಧರೆಯೂ ಹಾರ ಧರಿಸಿದವಳೇ, ಮಾಲಿನಿಯಂತೆ ಛಂದಸ್ಸಿನ ಒಂದು ವೃತ್ತದ ಹೆಸರೂ ಹೌದು. ಆದರೆ ಒತ್ತಕ್ಷರವೇ ಇಲ್ಲದ ಭಾಷೆಯ ನಾದವನ್ನು ಮೆಚ್ಚಿ ಬಂದವರಿಗೆ ‘ಸ್ರಗ್ಧ’ ರುಚಿಸದು. ಇನ್ನು ಎರಡೂ ದಡ ಮುಟ್ಟುವ ಹೆಸರು ಮಾಲಾ. ನಮಗೆ ಹಾರ, ಹವಾಯಿಯನ್ನಿನಲ್ಲಿ ‘ಮಾಲ’ ಎಂದರೆ ತೋಟ.

ಹೆಜ್ಜೆ 7: ಕಾಗದಪತ್ರ

ಅಮೆರಿಕದಲ್ಲಿ ಎಷ್ಟು ಮಕ್ಕಳಿಗೆ ಆ ಹೆಸರಿದೆ ಎಂದು ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ದತ್ತಾಂಶದಲ್ಲಿ ನೋಡಬಹುದು. 1880ರಿಂದ ಇದೆ, ರಾಜ್ಯವಾರು ಕಡತಗಳೂ ಇವೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿಲ್ಲದ ಹೆಸರು ಹೆಸರೇ ಅಲ್ಲವೆಂದು ತಿಳಿಯಬೇಡಿ.

ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲಿರುತ್ತದೆ. ಅಲ್ಲಿ ಎ–ಜ಼ೆಡ್ ಅಕ್ಷರಗಳಿಗೆ ಮಾತ್ರ ಜಾಗ, ಹೆಸರು–ಅಡ್ಡಹೆಸರು ಸೇರಿ 39 ಮನೆ. ʻಒಕಿನ, ಕಹಕೋ ಎರಡೂ ಬೀಳುತ್ತವೆ. ಆದ್ದರಿಂದ ಗುರುತಿಲ್ಲದ ಸ್ಪೆಲಿಂಗ್ ಒಂದನ್ನು ಮೊದಲೇ ನಿಶ್ಚಯಿಸಿ, ಎಲ್ಲ ದಾಖಲೆಯಲ್ಲೂ ಅದನ್ನೇ ಬಳಸಿ. ಒಂದು ಕಡೆ ಅಪಾಸ್ಟ್ರಫಿ, ಇನ್ನೊಂದು ಕಡೆ ಖಾಲಿ ಜಾಗ, ಮತ್ತೊಂದು ಕಡೆ ಏನೂ ಇಲ್ಲ ಎಂದಾದರೆ ಮಗು ದೊಡ್ಡದಾದ ಮೇಲೆ ಪ್ರತಿ ಕೌಂಟರಿನಲ್ಲೂ ಅಫಿಡವಿಟ್ ಹಿಡಿದು ನಿಲ್ಲಬೇಕಾದೀತು. ಗುರುತುಗಳಿರುವ ಸರಿಯಾದ ರೂಪವನ್ನು ತೊಟ್ಟಿಲ ಶಾಸ್ತ್ರದ ಆಮಂತ್ರಣದಲ್ಲಿ, ಮಗುವಿನ ಕೋಣೆಯ ಗೋಡೆಯ ಮೇಲೆ, ಕನ್ನಡ ಅಕ್ಷರದಲ್ಲಿ ಬರೆದಿಡಿ.

ಮಗು ಕರ್ನಾಟಕದಲ್ಲಿ ಹುಟ್ಟಿದ್ದರೆ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಆಗಲೇ ಹೆಸರು ಕೊಡಬೇಕೆಂದಿಲ್ಲ. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆ ಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ ಹೆಸರು ಸೇರಿಸಬಹುದು. ಅಮೆರಿಕದಲ್ಲಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಫಾರಂ ತುಂಬಿಸಿಕೊಳ್ಳುವುದು ವಾಡಿಕೆ. ಅಲ್ಲಿರುವವರು ಐದನೆಯ ಹೆಜ್ಜೆಯನ್ನು ಏಳನೆಯ ತಿಂಗಳಿನೊಳಗೆ ಮುಗಿಸಿಡಿ.

ಇನ್ನೂ ಎರಡು ಹೆಸರಿನ ನಡುವೆ ತೂಗುತ್ತಿದ್ದರೆ, ಅಜ್ಜ–ಅಜ್ಜಿ ಸೂಚಿಸಿದ ಕನ್ನಡದ ಹೆಸರನ್ನು ಮೊದಲಿಗಿಟ್ಟು ಹವಾಯಿಯನ್ ಹೆಸರನ್ನು ನಡುವೆ ಇಡಿ. ಮಾಲಿನಿ ನೊಎಲನಿ ಹೆಗಡೆ: ಪಾಸ್‌ಪೋರ್ಟಿನ 39 ಮನೆಗಳಲ್ಲಿ ಸುಖವಾಗಿ ಹಿಡಿಸುತ್ತದೆ.